ಮೂಗು ಮೇಸ್ತ್ರಿ ಮಾರಿದ ಕಾರು

ಮೂಗು ಮೇಸ್ತ್ರಿ ಎಂಬ ಹೆಸರು ಬಂದದ್ದು ಮೂಗು ಉದ್ದವಾಗಿತ್ತು ಎಂದಲ್ಲ. ನಿಜ ಹೇಳಬೇಕೆಂದರೆ ಅದು ಸ್ವಲ್ಪ ಚಪ್ಪಟೆಯೇ. ಆದರೆ ಶೆಡ್ಡಿನೊಳಗೆ ಯಾವ ಕಾರು ಬರಲಿ, ಮೇಸ್ತ್ರಿ ಮೊದಲು ಬಾನೆಟ್ ಎತ್ತಿ ತಲೆ ತೂರಿಸಿ ಮೂಸುತ್ತಿದ್ದ. ಬೆರಳನ್ನು ಎಣ್ಣೆಗೆ ಅದ್ದಿ ಮೂಸುತ್ತಿದ್ದ. ಹೊಗೆ ಕೊಳವೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಮೂಸುತ್ತಿದ್ದ. ಆಮೇಲೆ ಎದ್ದು ಕೈ ಒರೆಸಿಕೊಂಡು, "ಗ್ಯಾಸ್ಕೆಟ್ ಹೋಗಿದೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಹೋಗಿರುತ್ತಿತ್ತು. ಬಂದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಬೆರಳು ಅವರ ಮೂಗಿನ ಮೇಲಿದ್ದರೂ ಹೊಗಳಿಕೆಯೆಲ್ಲ ಮೇಸ್ತ್ರಿಯ ಮೂಗಿಗೇ ಸಲ್ಲುತ್ತಿತ್ತು.

ಈ ಮೂಗಿನ ಹಿಂದೆ ಒಂದು ಗುಟ್ಟಿತ್ತು. ಮೇಸ್ತ್ರಿಗೆ ಕೆಂಪೂ ಹಸಿರೂ ಒಂದೇ ಥರ ಕಾಣುತ್ತಿದ್ದವು. ಕಣ್ಣಿಗೆ ಬೇರೆ ಯಾವ ಊನವೂ ಇರಲಿಲ್ಲ, ಆರಡಿ ದೂರದಲ್ಲಿ ಬಿದ್ದ ನಟ್ಟಿನ ಅಳತೆ ಹೇಳಬಲ್ಲವನಾಗಿದ್ದ. ಆದರೆ ಟೊಮೇಟೊ ಕಾಯಿಯೋ ಹಣ್ಣೋ ಎಂಬುದು ಅವನಿಗೆ ಹಿಚುಕಿ ನೋಡಿದರೇ ಗೊತ್ತು. ಹದಿನೆಂಟನೇ ವಯಸ್ಸಿನಲ್ಲಿ, ಕೆಲಸ ಕಲಿಯುತ್ತಿದ್ದ ಮೊದಲ ಗ್ಯಾರೇಜಿನಲ್ಲಿ, ಒಂದು ಲಾರಿಯ ವೈರು ಜೋಡಿಸುವಾಗ ಕೆಂಪಿಗೆ ಹಸಿರು ಸೇರಿಸಿಬಿಟ್ಟಿದ್ದ. ಸ್ವಿಚ್ ಹಾಕಿದ ಕೂಡಲೇ ಹೊಗೆಯೆದ್ದಿತು. ಯಜಮಾನ ವೈರಿನ ತುಂಡನ್ನು ಅವನ ಮುಖದ ಮುಂದೆ ಹಿಡಿದು "ಇದು ಯಾವ ಬಣ್ಣ ಹೇಳೋ" ಎಂದು ಕೇಳಿದ. ಹುಡುಗ ತಪ್ಪು ಹೇಳಿದ. ಇನ್ನೊಂದು ತುಂಡು ಹಿಡಿದ. ಅದನ್ನೂ ತಪ್ಪು ಹೇಳಿದ. ಇದ್ದಬದ್ದವರೆಲ್ಲ ಸುತ್ತ ನೆರೆದು, ಚಿಂದಿ, ಡಬ್ಬಿ, ತಮ್ಮ ತಮ್ಮ ಅಂಗಿ ತೋರಿಸಿ ಬಣ್ಣ ಕೇಳಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಗೆ ಯಜಮಾನ, "ಕುರುಡನ ಕೈಗೆ ಯಾರಪ್ಪ ಗಾಡಿ ಕೊಡ್ತಾರೆ, ಬೇರೆ ಕೆಲಸ ನೋಡ್ಕೋ" ಎಂದು ಕಳಿಸಿಬಿಟ್ಟ.

ಬೇರೆ ಕೆಲಸವೆಂದರೆ ಅವನಿಗೆ ಜೀವವೇ ಹೋದ ಹಾಗೆ. ಇನ್ನೊಂದು ಊರಿನ ಇನ್ನೊಂದು ಗ್ಯಾರೇಜಿಗೆ ಸೇರಿದ, ಬಾಯಿಗೆ ಬೀಗ ಹಾಕಿಕೊಂಡ, ಮೂಗನ್ನು ಪಳಗಿಸಿದ. ಗೇರ್ ಎಣ್ಣೆಗೆ ಕೊಳೆತ ಮೊಟ್ಟೆಯ ವಾಸನೆ, ಬ್ರೇಕ್ ಎಣ್ಣೆಗೆ ಕಮಟು, ರೇಡಿಯೇಟರ್ ನೀರಿಗೆ ಸಿಹಿ. ಬಣ್ಣ ನೋಡಿ ಹೇಳುವವರಿಗಿಂತ ಚುರುಕಾಗಿ ಹೇಳತೊಡಗಿದ. ಜನ ಅದನ್ನು ವಿದ್ಯೆ ಎಂದು ಕರೆದರು, ಇವನೂ ಹೌದು ಅನ್ನುವ ಹಾಗೆ ಮೀಸೆ ತಿರುವಿದ.

ನಿಜ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಅವಳು ಬಟ್ಟೆ ಹೊಲಿಯುವವಳು. ಮದುವೆಯಾದ ಮೂರನೇ ದಿನ ಯಂತ್ರದ ಮುಂದೆ ಕೂತು, "ರೀ, ಆ ಕೆಂಪು ದಾರದುಂಡೆ ಕೊಡಿ" ಅಂದಳು. ಇವನು ಹಸಿರು ಕೊಟ್ಟ. ಹೊಸ ಗಂಡ ತಮಾಷೆ ಮಾಡುತ್ತಿದ್ದಾನೆ ಎಂದು ನಕ್ಕಳು. ಎರಡನೇ ಸಲ ಕಂದು ಕೊಟ್ಟಾಗ ನಗು ನಿಂತಿತು. ಇವನು ತಲೆ ತಗ್ಗಿಸಿಕೊಂಡು, ಲಾರಿಯ ಹೊಗೆಯಿಂದ ಹಿಡಿದು ಎಲ್ಲ ಹೇಳಿದ.

"ಅಷ್ಟೇನಾ?" ಅಂದಳು ಅವಳು. "ಮುಖ ನೋಡಿ ಎಲ್ಲೋ ಇನ್ನೊಂದು ಸಂಸಾರ ಇಟ್ಟಿದೀರೇನೋ ಅಂದ್ಕೊಂಡೆ."

ಅವತ್ತಿನಿಂದ ಅವಳು ಅವನ ಕಣ್ಣಾದಳು. ಶೆಡ್ಡಿಗೆ ರಜೆಯಿದ್ದ ದಿನ ಕಾರಿನೊಳಗೆ ತೂರಿಕೊಂಡು ಒಂದೊಂದು ವೈರಿಗೂ ದಾರ ಕಟ್ಟುತ್ತಿದ್ದಳು: ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು, ಕಂದಿಗೆ ಮೂರು. ಅಂಗಡಿಗೆ ಹೋದರೆ ಪಕ್ಕದಲ್ಲಿ ನಿಂತು, ಮನೆ ಸಾಮಾನಿನ ಮಾತಾಡುವವಳ ಹಾಗೆ ಕಿವಿಯ ಹತ್ತಿರ ಬಾಗಿ "ಕೆಂಪು" ಎಂದು ಪಿಸುಗುಟ್ಟುತ್ತಿದ್ದಳು. ಹೆಂಡತಿಯನ್ನು ಬಿಟ್ಟು ಒಂದು ಬಲ್ಬನ್ನೂ ಕೊಳ್ಳುವುದಿಲ್ಲವಲ್ಲ ಎಂದು ಬೇರೆ ಮೇಸ್ತ್ರಿಗಳು ಚುಡಾಯಿಸುತ್ತಿದ್ದರು. ಹೀಗೆ ನಲವತ್ತು ವರ್ಷ ನಡೆಯಿತು.

ಪಕ್ಕದ ಶೆಡ್ಡಿನ ಪೇಂಟರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷದ ಸ್ನೇಹ, ದಿನಕ್ಕೆ ಎರಡು ಸಲ ಒಟ್ಟಿಗೆ ಟೀ. ಪೇಂಟರ್ ಬಣ್ಣ ಕಲೆಸಿ ತಂದು ತೋರಿಸಿದರೆ ಮೇಸ್ತ್ರಿ ಒಂದು ಕಣ್ಣು ಮುಚ್ಚಿ, ಕತ್ತು ವಾಲಿಸಿ ನೋಡಿ, "ಒಂದು ಚೂರು ಗಾಢ ಆಯ್ತಲ್ಲಯ್ಯಾ" ಎನ್ನುತ್ತಿದ್ದ. ಏನೂ ಹೇಳದಿದ್ದರೆ ಅನುಮಾನ ಬಂದೀತು ಎಂಬ ಭಯಕ್ಕೆ ಕಲಿತ ಮಾತು ಅದು. ಪಾಪ, ಪೇಂಟರ್ ಗೊಣಗಿಕೊಂಡು ಮತ್ತೆ ಕಲೆಸುತ್ತಿದ್ದ.

ಆ ಫ್ರೆಂಚ್ ಕಾರು ಸಿಕ್ಕಿದ್ದು ಮುಚ್ಚಿಹೋದ ಮಿಲ್ಲೊಂದರ ಗೋದಾಮಿನಲ್ಲಿ. ಮೇಸ್ತ್ರಿಗಿಂತ ಹತ್ತೇ ವರ್ಷ ಚಿಕ್ಕದು. ಉದ್ದ ಮೂತಿ, ಇಳಿಜಾರು ಬೆನ್ನು, ಹಿಂದಿನ ಚಕ್ರವನ್ನು ಅರ್ಧ ಮುಚ್ಚಿದ ತಗಡು. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿತ್ತು, ಸೀಟಿನಲ್ಲಿ ಇಲಿ ಸಂಸಾರ ಹೂಡಿತ್ತು. ಮೇಸ್ತ್ರಿ ಇದೇ ಜಾತಿಯ ಕಾರುಗಳ ಮೇಲೆ ಜೀವನ ಸವೆಸಿದವನು. ಹಳೆಯದನ್ನು ತಂದು, ಬಿಚ್ಚಿ, ತಿದ್ದಿ, ಹೊಸದು ಮಾಡಿ ಮಾರುವುದು ಅವನ ಕಸುಬು. ಆದರೆ ಇದು ಕೊನೆಯದೆಂದು ಮನಸ್ಸಿನಲ್ಲೇ ಅಂದುಕೊಂಡಿದ್ದ. ಬೆನ್ನು ಬಗ್ಗುತ್ತಿರಲಿಲ್ಲ, ಹಾಗಾಗಿ ಕೊನೆಯದು ಲಕ್ಷಣವಾಗಿರಲಿ ಎಂಬ ಆಸೆ.

ಎಂಟು ತಿಂಗಳು ಹಿಡಿಯಿತು. ತುಕ್ಕು ತಿಂದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆದ. ಇಂಜಿನ್ ಇಳಿಸಿ ಏರಿಸಿದ. ಹೆಂಡತಿ ಸೀಟುಗಳನ್ನು ಬಿಚ್ಚಿ, ಹಳೆಯ ಹೊಲಿಗೆಯ ಗುರುತಿನ ಮೇಲೆಯೇ ಹೊಸ ಬಟ್ಟೆ ಹೊಲಿದಳು. ಬಣ್ಣ ಯಾವುದಿರಬೇಕೆಂದೂ ಅವಳೇ ಆರಿಸಿದಳು. ಒಣಗಿದ ಗುಲಾಬಿಯ ಕೆಂಪು ಅಂತೆ. ಪೇಂಟರ್ ಎರಡು ಕೈ ಹೊಡೆದ ಮೇಲೆ ಮೇಸ್ತ್ರಿ ಎಂದಿನಂತೆ "ಒಂದು ಚೂರು ಗಾಢ" ಎಂದ, ಪೇಂಟರ್ ಎಂದಿನಂತೆ ಬೈದು ಉಜ್ಜಿ ಮೂರನೇ ಕೈ ಹೊಡೆದ.

ಈ ಕಾರಿಗೆ ಸ್ಪ್ರಿಂಗ್ ಇಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಉಕ್ಕಿನ ಗುಂಡುಗಳು, ಒಳಗೆ ಅನಿಲ ಮತ್ತು ಎಣ್ಣೆ. ಇಂಜಿನ್ ಶುರುವಾದರೆ ಎಣ್ಣೆ ಒತ್ತಿ ಬಂದು ಮಲಗಿದ್ದ ಕಾರು ಉಸಿರೆಳೆದುಕೊಂಡು ಮೇಲೇಳುತ್ತದೆ, ನಿಲ್ಲಿಸಿದರೆ ನಿಧಾನವಾಗಿ ಕೂರುತ್ತದೆ. ಸ್ಟೇರಿಂಗಿಗೂ ಬ್ರೇಕಿಗೂ ಅದೇ ಎಣ್ಣೆ. ಈ ಎಣ್ಣೆಯಲ್ಲಿ ಎರಡು ಬಗೆ. ಮೊದಮೊದಲ ಕಾರುಗಳಿಗೆ ಕೆಂಪು, ಆಮೇಲಿನವಕ್ಕೆ ಹಸಿರು. ಕೆಂಪು ಬೇಡುವ ಕಾರಿಗೆ ಹಸಿರು ಹಾಕಿದರೆ ಒಳಗಿನ ರಬ್ಬರ್ ಉಂಗುರಗಳು ಊದಿ ಮೆತ್ತಗಾಗಿ, ವಾರ ಹದಿನೈದು ದಿನದಲ್ಲಿ ಎಲ್ಲ ಒಟ್ಟಿಗೆ ಕೈಕೊಡುತ್ತವೆ. ಈ ಕಸುಬಿನವರು ಮಾಡಬಾರದ ತಪ್ಪು ಒಂದಿದ್ದರೆ ಅದೇ. ಮೇಸ್ತ್ರಿಗೆ ಇದು ಹೆದರಿಕೆಯ ವಿಷಯವೇ ಆಗಿರಲಿಲ್ಲ. ಕೆಂಪೆಣ್ಣೆ ಮೂಗಿಗೆ ಚುರುಕ್ ಅನ್ನುತ್ತದೆ, ಹಸಿರೆಣ್ಣೆ ಸೀಮೆಎಣ್ಣೆಯ ತಂಗಿಯ ಹಾಗೆ. ಮುಚ್ಚಳ ತೆಗೆದರೆ ಸಾಕಿತ್ತು.

ಇತ್ತು, ನಾಲ್ಕು ತಿಂಗಳ ಹಿಂದಿನವರೆಗೆ. ಆಗ ಒಂದು ಜ್ವರ ಬಂತು. ಹತ್ತು ದಿನ ಹಾಸಿಗೆ. ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮೊದಲು ನೆಗಡಿ ಅಂದುಕೊಂಡ. ನೆಗಡಿ ಇಳಿದ ಮೇಲೂ ಬರಲಿಲ್ಲ. ಶೆಡ್ಡಿನಲ್ಲಿ ಒಬ್ಬನೇ ಇದ್ದಾಗ ಪೆಟ್ರೋಲಿನ ಡಬ್ಬಿಯೊಳಗೇ ಮೂಗು ಇಟ್ಟು ಎಳೆದ. ತಲೆ ಸುತ್ತಿತೇ ಹೊರತು ವಾಸನೆ ಬರಲಿಲ್ಲ. ಅಲ್ಲೇ ಟೈರಿನ ಮೇಲೆ ಕೂತುಬಿಟ್ಟ. ಕಣ್ಣಿಲ್ಲದ್ದನ್ನು ಮೂಗು ಮುಚ್ಚಿತ್ತು, ಈಗ ಮೂಗು ಹೋದದ್ದನ್ನು ಯಾವುದರಿಂದ ಮುಚ್ಚಲಿ ಎಂದು ಅವನಿಗೆ ತಿಳಿಯಲಿಲ್ಲ.

ಹೆಂಡತಿಗೂ ಹೇಳಲಿಲ್ಲ. ಕಣ್ಣಿನ ವಿಷಯ ಹುಟ್ಟಿನಿಂದ ಬಂದದ್ದು, ಅದು ಅವನ ತಪ್ಪಲ್ಲ. ಮೂಗು ಮಾತ್ರ ಅವನು ತಾನೇ ಸಂಪಾದಿಸಿದ್ದು. ಅದೂ ಹೋಯಿತು ಎಂದರೆ ತನ್ನದೆನ್ನುವುದು ಏನು ಉಳಿಯಿತು? ವಾಪಸ್ ಬರುತ್ತದೆ ಎಂದು ದಿನ ದೂಡಿದ. ಕಾರುಗಳ ಮುಂದೆ ಅಭ್ಯಾಸದಂತೆ ಮೂಸುತ್ತಿದ್ದ, ತಲೆಯಾಡಿಸುತ್ತಿದ್ದ, ಅಂದಾಜಿನ ಮೇಲೆ ಹೇಳುತ್ತಿದ್ದ. ಅಂದಾಜು ಸರಿಯಾಗುತ್ತಿತ್ತು. ನಲವತ್ತು ವರ್ಷದ ಕೆಲಸಗಾರನ ಅಂದಾಜು ಅಷ್ಟು ಬೇಗ ತಪ್ಪುವುದಿಲ್ಲ, ಕೇಡು ಅಲ್ಲೇ ಇತ್ತು.

ಕಾರು ಕೊಳ್ಳಲು ಬಂದವರು ಭೂಗೋಳದ ಮೇಡಂ. ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರ ತಂದೆ ಆ ಮುಚ್ಚಿಹೋದ ಮಿಲ್ಲಿನ ಮಾಲೀಕರ ಡ್ರೈವರ್ ಆಗಿದ್ದರು. ಆರು ವರ್ಷದ ಮಗಳನ್ನು ಒಮ್ಮೆ ಇದೇ ಕಾರು ತೊಳೆಯುವಾಗ ಕದ್ದು ಒಳಗೆ ಕೂರಿಸಿ ಇಂಜಿನ್ ಶುರು ಮಾಡಿದ್ದರಂತೆ. ಕಾರು ಮೇಲೆದ್ದಾಗ ಆ ಮಗು ಆಕಾಶಕ್ಕೇ ಹೋಗುತ್ತಿದ್ದೇನೆ ಎಂದು ಕಿರುಚಿತ್ತಂತೆ. ಆಮೇಲೆ ಅಪ್ಪ ಯಾವತ್ತೂ ಕೂರಿಸಲಿಲ್ಲ. "ಈಗ ನಾನೇ ಓಡಿಸ್ತೀನಿ ಮೇಸ್ತ್ರಿ" ಎಂದು ಮೇಡಂ ಕೂಡಿಟ್ಟದ್ದನ್ನೆಲ್ಲ ತಂದುಕೊಟ್ಟಿದ್ದರು. ಬುಧವಾರ ಕಾರು ಒಯ್ಯುವುದು, ಭಾನುವಾರ ಬೆಳಿಗ್ಗೆ ಘಟ್ಟದ ಆಚೆಗಿರುವ ತಂಗಿಯ ಮನೆಗೆ ಹೋಗುವುದು ಎಂದು ನಿಶ್ಚಯವಾಗಿತ್ತು.

ಮಂಗಳವಾರ ಮೇಸ್ತ್ರಿಯ ಪಾಲಿಗೆ ಎಣ್ಣೆ ತುಂಬಿಸುವುದೊಂದೇ ಬಾಕಿ. ಶೆಡ್ಡಿನ ಕಪಾಟಿನಲ್ಲಿ ಎರಡು ಬಿಳಿ ಡಬ್ಬಿಗಳಿದ್ದವು. ಒಂದರಲ್ಲಿ ಈ ಕಾರಿಗೆ ತರಿಸಿದ ಕೆಂಪು, ಇನ್ನೊಂದರಲ್ಲಿ ಡಾಕ್ಟರೊಬ್ಬರ, ಇದೇ ಜಾತಿಯ ಆಮೇಲಿನ ವರ್ಷಗಳ ಕಾರಿಗೆ ತರಿಸಿದ ಹಸಿರು. ಅಂಗಡಿಯವನು ಪೆನ್ನಿನಲ್ಲಿ ಬರೆದದ್ದು ಎಣ್ಣೆಗೈಗೆ ಅಳಿಸಿಹೋಗಿತ್ತು. ಆದರೆ ಮೇಸ್ತ್ರಿಯ ಲೆಕ್ಕ ಲೆಕ್ಕವೇ: ಕೆಂಪು ಯಾವಾಗಲೂ ಕಿಟಕಿ ಕಡೆ, ಹಸಿರು ಬಾಗಿಲ ಕಡೆ. ಕಿಟಕಿ ಕಡೆಯ ಡಬ್ಬಿ ತೆಗೆದ, ಮುಚ್ಚಳ ತಿರುಗಿಸಿದ, ಮೂಗಿಗೆ ಹಿಡಿದ. ಏನೂ ಇಲ್ಲ. ಗಾಳಿ.

ಹೆಂಡತಿ ಹತ್ತು ಹೆಜ್ಜೆ ದೂರದಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಕೊನೆಯ ಸೀಟಿನ ಅಂಚು ಹೊಲಿಯುತ್ತಿದ್ದಳು. ಯಂತ್ರದ ಸದ್ದು ಕೇಳುತ್ತಿತ್ತು. ಕರೆದರೆ ಬರುತ್ತಾಳೆ. ಬಂದರೆ, "ಮೂಸಿ ನೋಡಿದ್ರಾ?" ಅನ್ನುತ್ತಾಳೆ. ಮೇಸ್ತ್ರಿ ಒಂದು ಗಳಿಗೆ ಡಬ್ಬಿ ಹಿಡಿದು ನಿಂತ. ಇಟ್ಟ ಜಾಗ ಇದೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡು ಸುರಿದ. ಹೋದ ವಾರ ಬಣ್ಣ ಹೊಡೆಯುವ ಮುಂಚೆ ಪೇಂಟರ್ ಕಪಾಟಿನ ಸಾಮಾನೆಲ್ಲ ಕೆಳಗಿಳಿಸಿ ಮತ್ತೆ ಜೋಡಿಸಿದ್ದ ಎಂಬುದು ಆಗ ಅವನ ನೆನಪಿಗೆ ಬರಲಿಲ್ಲ.

ಬುಧವಾರ ಮೇಡಂ ಬಂದು ಕೂತರು. ಕಾರು ಮೇಲೆದ್ದಾಗ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಕಣ್ಣು ತುಂಬಿತ್ತು. ಪೇಂಟರ್ ಚಪ್ಪಾಳೆ ತಟ್ಟಿದ. ಕಾರು ಬೀದಿಯ ತಿರುವು ದಾಟುವ ತನಕ ಮೇಸ್ತ್ರಿ ನೋಡುತ್ತ ನಿಂತ. ಅಷ್ಟು ಸುಲಭಕ್ಕೆ ಹೆಮ್ಮೆಪಡುವ ಮನುಷ್ಯನಲ್ಲ ಅವನು, ಅವತ್ತು ಪಟ್ಟ.

ಶನಿವಾರ ಮಧ್ಯಾಹ್ನ ಶೆಡ್ಡು ಗುಡಿಸುತ್ತಿದ್ದ. ಯಾವುದೋ ಕಾರಿನ ಹಳೆಯ ಬಾಗಿಲೊಂದನ್ನು ಎರಡು ಡ್ರಮ್ಮುಗಳ ಮೇಲೆ ಅಡ್ಡ ಹಾಕಿ ಮೇಜು ಮಾಡಿಕೊಂಡಿದ್ದ. ಅದರ ಮೇಲೆ ಮಂಗಳವಾರದ ಲಾಳಿಕೆ ಹಾಗೇ ಇತ್ತು, ಸುತ್ತ ಸುರಿದ ಎಣ್ಣೆಯ ಮಡು. ಒರೆಸಲು ಚಿಂದಿ ತೆಗೆದುಕೊಂಡವನು ನಿಂತ. ಕೆಂಪೆಣ್ಣೆ ಬಣ್ಣವನ್ನು ತಿನ್ನುತ್ತದೆ. ಒಂದು ಹನಿ ಬಿದ್ದರೂ ಕೂಡಲೇ ಒರೆಸದಿದ್ದರೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ, ಅದಕ್ಕೇ ಆ ಎಣ್ಣೆ ಮುಟ್ಟುವಾಗ ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಳ್ಳುವುದು. ಈ ಎಣ್ಣೆ ನಾಲ್ಕು ದಿನದಿಂದ ಬಾಗಿಲಿನ ಬಣ್ಣದ ಮೇಲೆ ಕೂತಿದೆ. ಮೇಸ್ತ್ರಿ ಒರೆಸಿ ಉಗುರಿನಿಂದ ಕೆರೆದ. ಬಣ್ಣ ಅಲುಗಲಿಲ್ಲ.

ಬಾಗಿಲ ಕಡೆಯ ಡಬ್ಬಿ ತೆಗೆದು ಆ ಮೇಜಿನ ಇನ್ನೊಂದು ಮೂಲೆಯಲ್ಲಿ ಒಂದು ಚಮಚದಷ್ಟು ಸುರಿದು, ಸ್ಟೂಲ್ ಎಳೆದುಕೊಂಡು ಕೂತ. ಗಡಿಯಾರ ನೋಡಿದ. ಏನೂ ಆಗದಿರಲಿ ಎಂದು ಆಸೆಪಟ್ಟ. ಒಂದು ಗಂಟೆಯಾಗುವುದರೊಳಗೆ ಎಣ್ಣೆಯ ಕೆಳಗೆ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಮೇಲೆದ್ದಿತು. ಇದು ಕೆಂಪು. ಹಾಗಾದರೆ ಮೇಡಂ ಕಾರಿನ ಹೊಟ್ಟೆಯಲ್ಲಿರುವುದು ಹಸಿರು. ಘಟ್ಟದ ಇಳಿಜಾರು, ಒಂದರ ಮೇಲೊಂದು ತಿರುವು, ನಾಳೆ ಬೆಳಿಗ್ಗೆ.

ಮನುಷ್ಯ ಒಳ್ಳೆಯವನೇ. ಆದರೆ ಅವನು ಆಗ ಮಾಡಿದ್ದನ್ನು ನಾನು ಮುಚ್ಚಿಡಲಾರೆ. ಫೋನ್ ಎತ್ತಿ, ಗಂಟಲು ಸರಿಮಾಡಿಕೊಂಡು, ನಗುವ ದನಿಯಲ್ಲಿ ಹೇಳಿದ:

"ಮೇಡಂ, ಒಂದು ಸಣ್ಣ ಕೆಲಸ ಬಾಕಿ ಉಳಿದಿತ್ತು. ಒಂದೆರಡು ನಟ್ಟು ಬಿಗಿ ಮಾಡ್ಬೇಕು. ಇವತ್ತು ಕಾರು ತಂದುಬಿಡ್ತೀರಾ?"

"ಅಯ್ಯೋ, ನಾಳೆ ಹೊರಟಿದೀನಲ್ಲ ಮೇಸ್ತ್ರಿ, ಸಾಮಾನೆಲ್ಲ ಡಿಕ್ಕಿಗೆ ತುಂಬಿದೀನಿ. ಬಂದ್ಮೇಲೆ ತರ್ತೀನಿ. ನಟ್ಟು ತಾನೇ?"

"ಹೂಂ... ನಟ್ಟೇ."

"ಅಂದ ಹಾಗೆ, ಇವತ್ತು ಬ್ರೇಕು ಒತ್ತಿದ ಮೇಲೆ ಬಿಡೋಕೆ ಸ್ವಲ್ಪ ಹೊತ್ತು ತಗೊಳ್ತು. ಹೊಸದಲ್ವಾ, ಪಳಗ್ಬೇಕು ಅನ್ಸುತ್ತೆ. ಅಲ್ವಾ?"

ಈಗ ಹೇಳಬೇಕು ಎಂದುಕೊಂಡ ಮೇಸ್ತ್ರಿ. ಕಿವಿಯಲ್ಲಿ ಯಾರೋ ವೈರಿನ ತುಂಡು ಹಿಡಿದು ಇದು ಯಾವ ಬಣ್ಣ ಹೇಳೋ ಎಂದು ನಗುತ್ತಿದ್ದರು.

"ಸರಿ ಮೇಡಂ" ಎಂದು ಫೋನ್ ಇಟ್ಟ.

ಹೆಂಡತಿ ಟೀ ಹಿಡಿದು ಬಂದಾಗ ಅವನು ಮೇಜಿನ ಮೇಲೆ ಸುಕ್ಕೆದ್ದ ಬಣ್ಣವನ್ನೇ ನೋಡುತ್ತ ಕೂತಿದ್ದ. ಅವಳೂ ನೋಡಿದಳು. ನಲವತ್ತು ವರ್ಷ ಮೇಸ್ತ್ರಿಯೊಬ್ಬನ ಜೊತೆ ಬಾಳಿದವಳಿಗೆ ಬಿಡಿಸಿ ಹೇಳಬೇಕಿಲ್ಲ.

"ಯಾವುದು ಹಾಕಿದ್ರಿ?" ಎಂದಳು.

"ಹಸಿರು."

"ಮೂಸ್ಲಿಲ್ವಾ?"

ಅವಳು ಟೀ ಲೋಟ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಅವನ ಮುಂದೆ ಬಂದು ನಿಂತಳು.

"ಮೊನ್ನೆ ಹಾಲು ಸೀದು ಮನೆಯೆಲ್ಲ ಹೊಗೆ ತುಂಬಿತ್ತು. ನೀವು ಒಲೆ ಪಕ್ಕ ಕೂತು ಪೇಪರ್ ಓದ್ತಿದ್ರಿ. ಧ್ಯಾನ ಎಲ್ಲೋ ಇದೆ ಅಂದ್ಕೊಂಡೆ. ಯಾವಾಗ್ಲಿಂದ?"

"ಆ ಜ್ವರ ಬಂತಲ್ಲ, ಆವಾಗ್ಲಿಂದ."

"ನಾಲ್ಕು ತಿಂಗಳು!" ಅವಳ ದನಿ ಏರಿತು. "ನಾಲ್ಕು ತಿಂಗಳಿಂದ ದಿನಾ ಊಟಕ್ಕೆ ಕೂತು ಘಮಘಮ ಅಂತಿದೆ ಕಣೇ ಅಂತಿದ್ರಲ್ಲ, ನಾಟಕಾನಾ ಅದು? ಲೋಕಕ್ಕೆಲ್ಲ ಮುಚ್ಚಿಡಿ, ನಾನೂ ಸೇರ್ಕೊಂಡು ಮುಚ್ಚಿಟ್ಟೆ. ನನಗೂ ಮುಚ್ಚಿಡ್ತೀರಾ? ನಲವತ್ತು ವರ್ಷ ನಿಮ್ಮ ಕಣ್ಣಾಗಿದ್ದೆನಲ್ರೀ, ಮೂಗಾಗೋಕೆ ಆಗ್ತಿರ್ಲಿಲ್ವಾ? ಹತ್ತು ಹೆಜ್ಜೆ ದೂರದಲ್ಲಿದ್ದೆ. ಒಂದು ಸಲ ಕೂಗಿದ್ರೆ ಆಗ್ತಿತ್ತು."

ಅವಳು ಅತ್ತಳು. ಮೇಸ್ತ್ರಿಗೂ ಅಳು ಬಂತು, ಆದರೆ ಅಳುವ ಹಕ್ಕು ತನಗಿಲ್ಲ ಅನ್ನಿಸಿ ನುಂಗಿಕೊಂಡ. ಫೋನಿನಲ್ಲಿ ಹೇಳಿದ ಸುಳ್ಳನ್ನೂ ಹೇಳಿದ. ಅವಳು ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಏಳಿ. ಸ್ಕೂಟರ್ ತೆಗೀರಿ."

ದಾರಿಯುದ್ದಕ್ಕೂ ಮೇಸ್ತ್ರಿ ಮಾತು ಹೊಂದಿಸಿಕೊಂಡ. ಪೇಂಟರ್ ಡಬ್ಬಿ ಅದಲುಬದಲು ಮಾಡಿದ ಎಂದರೆ ಅದು ಸುಳ್ಳಲ್ಲ. ಅಷ್ಟೇ ಹೇಳಿದರೂ ಕಾರು ವಾಪಸ್ ಬರುತ್ತದೆ, ಹೆಸರೂ ಉಳಿಯುತ್ತದೆ. ಹಿಂದೆ ಕೂತ ಹೆಂಡತಿ ಅವನ ಭುಜದ ಮೇಲೆ ಕೈಯಿಟ್ಟಿದ್ದಳು.

ಕಾರು ಮೇಡಂ ಮನೆಯ ಮುಂದೆ ಹೊಟ್ಟೆ ಹಚ್ಚಿ ಮಲಗಿತ್ತು. ಬಾಗಿಲು ತೆರೆದ ಮೇಡಂ, "ಏನು ಮೇಸ್ತ್ರಿ, ನಟ್ಟು ಬಿಗಿ ಮಾಡೋಕೆ ಇಬ್ಬರು ಬಂದಿದೀರಿ?" ಎಂದು ನಕ್ಕರು.

"ಮೊದ್ಲು ಕಾರಿನ ಕೀ ಕೊಟ್ಟುಬಿಡಿ ಮೇಡಂ, ಆಮೇಲೆ ಒಳಗೆ ಬರ್ತೀನಿ" ಎಂದ ಮೇಸ್ತ್ರಿ. ಅವನ ಮುಖ ನೋಡಿ ಅವರ ನಗು ನಿಂತಿತು. "ನಾನು ತಪ್ಪು ಎಣ್ಣೆ ಹಾಕಿದೀನಿ. ಬ್ರೇಕು ಹೋಗುತ್ತೆ. ನಾಳೆನೋ ನಾಡಿದ್ದೋ ಗೊತ್ತಿಲ್ಲ, ಹೋಗೋದು ಮಾತ್ರ ಖಂಡಿತ. ಮಧ್ಯಾಹ್ನ ನಟ್ಟು ಅಂದದ್ದು ಸುಳ್ಳು."

ಮೇಡಂ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ತಂಗಿ ಮನೆ ಮಕ್ಕಳನ್ನೆಲ್ಲ ಕೂರಿಸ್ಕೊಂಡು ಸುತ್ತಾಡಿಸ್ತೀನಿ ಅಂದಿದ್ದೆ" ಎಂದು ತಮಗೇ ಹೇಳಿಕೊಂಡರು. ಆಮೇಲೆ ದನಿ ಗಟ್ಟಿಯಾಯಿತು. "ಊರಿಗೆಲ್ಲ ಹೆಸರು ಮಾಡಿದ ಮೂಗು ನಿಮ್ದು. ಎಣ್ಣೆ ಹೇಗೆ ತಪ್ಪಿತು?"

ಡಬ್ಬಿ ಅದಲುಬದಲಾಯಿತು ಎಂಬ ಮಾತು ತುಟಿಗೆ ಬಂದಿತ್ತು. ಮೇಸ್ತ್ರಿ ಅದನ್ನು ಹೇಳಲಿಲ್ಲ.

"ಮೂಗು ಹೋಗಿ ನಾಲ್ಕು ತಿಂಗಳಾಯ್ತು ಮೇಡಂ. ಕಣ್ಣಿಗೆ ಕೆಂಪು ಹಸಿರು ಹುಟ್ಟಿದಾಗ್ಲಿಂದ ಗೊತ್ತಾಗಲ್ಲ. ಯಾರಿಗೂ ಹೇಳಿಲ್ಲ. ಇವಳೊಬ್ಬಳಿಗೆ ಬಿಟ್ಟು."

ಮೇಡಂ ನಂಬಲಿಲ್ಲ. ಒಳಗೆ ಕರೆದು ಗೋಡೆಯ ಮೇಲಿದ್ದ, ಬಯಲಿಗೆ ಹಸಿರು ಬೆಟ್ಟಕ್ಕೆ ಕಂದು ಬಳಿದ ದೊಡ್ಡ ಭೂಪಟದ ಮುಂದೆ ನಿಲ್ಲಿಸಿದರು. "ಇದರಲ್ಲಿ ಬಯಲು ಯಾವುದು, ಬೆಟ್ಟ ಯಾವುದು ತೋರಿಸಿ."

ಮೇಸ್ತ್ರಿ ಬಹಳ ಹೊತ್ತು ನೋಡಿದ. "ನದಿ ಗೊತ್ತಾಗುತ್ತೆ. ಉಳಿದದ್ದೆಲ್ಲ ಒಂದೇ."

ಮೇಡಂ ಕುರ್ಚಿಯ ಮೇಲೆ ಕೂತರು. "ನನ್ನ ಕ್ಲಾಸಲ್ಲಿ ಒಬ್ಬ ಇದ್ದ" ಎಂದರು. "ವರ್ಷಪೂರ್ತಿ ಬಯಲಿಗೆಲ್ಲ ಕೆಂಪು ಬಳೀತಿದ್ದ. ಬೇಕಂತ್ಲೇ ಮಾಡ್ತಾನೆ ಅಂತ ಎಲ್ಲರ ಮುಂದೆ ನಿಲ್ಲಿಸಿ ಬೈದಿದ್ದೆ." ಆಮೇಲೆ ಇನ್ನೂ ಗಡುಸಾಗಿ ಹೇಳಿದರು: "ಆದ್ರೆ ಅವನು ಯಾರ ಪ್ರಾಣದ ಜೊತೆಗೂ ಆಟ ಆಡಿರ್ಲಿಲ್ಲ. ನೀವು ಆಡಿದ್ರಿ. ಮಧ್ಯಾಹ್ನ ಗೊತ್ತಿದ್ದೂ ಫೋನ್ ಇಟ್ರಿ. ಕಾರು ಒಯ್ಯಿರಿ. ನನಗದು ಬೇಕೋ ಬೇಡವೋ ಆಮೇಲೆ ಹೇಳ್ತೀನಿ."

ಕೀಯನ್ನು ಮೇಸ್ತ್ರಿಯ ಕೈಗೆ ಕೊಡಲಿಲ್ಲ, ಹೆಂಡತಿಯ ಕೈಗೆ ಕೊಟ್ಟರು. ಮೇಸ್ತ್ರಿಗೆ ಅದು ಕೆನ್ನೆಗೆ ಬಿದ್ದ ಏಟಿಗಿಂತ ಜೋರಾಗಿ ತಾಗಿತು. ತಾಗಬೇಕಾದ್ದೇ.

ಲಾರಿಯ ಮೇಲೆ ಹೇರಿಕೊಂಡು ಕಾರು ಶೆಡ್ಡಿಗೆ ಬಂದಾಗ ಪೇಂಟರ್ ಓಡಿಬಂದ. ವಿಷಯ ಕೇಳಿ ಹಣೆ ಚಚ್ಚಿಕೊಂಡ. "ನಾನೇ ಕಣಯ್ಯಾ ಪಾಪಿ. ಡಬ್ಬಿ ತಿರುಗಾಮುರುಗಾ ಇಟ್ಟವನು ನಾನೇ."

ತಾನಾಗಿ ಬಂದು ಕೊರಳೊಡ್ಡುತ್ತಿದ್ದಾನೆ, ಸುಮ್ಮನಿದ್ದರೆ ಸಾಕಿತ್ತು. ಮೇಸ್ತ್ರಿಗೆ ಸುಮ್ಮನಿದ್ದು ಸಾಕಾಗಿತ್ತು. ಅವನನ್ನು ಕೂರಿಸಿ ಎಲ್ಲ ಹೇಳಿದ. ಪೇಂಟರ್ ಟೀ ಲೋಟ ಹಿಡಿದುಕೊಂಡೇ ಕೇಳಿದ.

"ಹಾಗಾದ್ರೆ ಮೂವತ್ತು ವರ್ಷ ಒಂದು ಚೂರು ಗಾಢ ಆಯ್ತು ಅಂತಿದ್ದದ್ದು?"

"ಸುಮ್ನೆ."

"ಸುಮ್ನೆ!" ಪೇಂಟರ್ ಎದ್ದ. "ಎಷ್ಟು ಸಲ ಉಜ್ಜಿ ಮತ್ತೆ ಹೊಡೆದಿದೀನಿ ಗೊತ್ತೇನೋ ನಿನಗೆ? ನನ್ನ ಕೈಲೇ ಏನೋ ದೋಷ ಇದೆ ಅಂತ ರಾತ್ರಿಯೆಲ್ಲ ಯೋಚನೆ ಮಾಡ್ತಿದ್ದೆ ಕಣೋ." ಟೀಯನ್ನು ಅರ್ಧಕ್ಕೇ ಇಟ್ಟು ಹೋದ. ಆಮೇಲೆ ಮೂರು ವಾರ ಈ ಕಡೆ ತಲೆ ಹಾಕಲಿಲ್ಲ.

ಸುದ್ದಿ ಹರಡಲು ಎಷ್ಟು ಹೊತ್ತು? ಡಾಕ್ಟರು ಬಂದು ಬಹಳ ಮರ್ಯಾದೆಯಿಂದ, "ಸದ್ಯಕ್ಕೆ ಇರಲಿ ಮೇಸ್ತ್ರಿ, ಇನ್ನೊಮ್ಮೆ ನೋಡೋಣ" ಎಂದು ತಮ್ಮ ಕಾರನ್ನು ಒಯ್ದರು. ಟೀ ಅಂಗಡಿಯಲ್ಲಿ ಯಾರೋ ಬಾಳೆಹಣ್ಣು ತೋರಿಸಿ ಬಣ್ಣ ಕೇಳಿದರು. "ಹಳದಿ ಕಾಣುತ್ತಪ್ಪ ನನಗೆ, ಅಷ್ಟೂ ಗೊತ್ತಿಲ್ವಾ" ಎಂದು ಮೇಸ್ತ್ರಿ ಉತ್ತರ ಕೊಟ್ಟ. ಜನ ನಕ್ಕರು. ನಲವತ್ತು ವರ್ಷ ಯಾವ ನಗುವಿಗೆ ಹೆದರಿ ಓಡಿ ಬಂದಿದ್ದನೋ ಆ ನಗು ಎದುರಿಗೇ ಕೂತಿತ್ತು. ನೋವಾಯಿತು. ಆದರೆ ಟೀ ಕುಡಿದು ಮುಗಿಸಿಯೇ ಎದ್ದ.

ಕೆಲಸ ಮೊದಲಿನಿಂದ ಶುರುವಾಯಿತು. ಪಂಪು, ಕೊಳವೆ, ನಾಲ್ಕು ಗುಂಡು, ಬ್ರೇಕು, ಎಲ್ಲ ಬಿಚ್ಚಿದ. ಉಂಗುರಗಳು ನೆನೆಸಿಟ್ಟ ಕಾಳಿನ ಹಾಗೆ ಊದಿಕೊಂಡಿದ್ದವು. ಬ್ರೇಕಿನದೊಂದು ಬೆರಳಿನಲ್ಲಿ ಒತ್ತಿದರೆ ಹರಿದೇ ಹೋಯಿತು. ಹೆಂಡತಿ ಹೊಲಿಗೆ ಯಂತ್ರವನ್ನು ಶೆಡ್ಡಿನೊಳಗೇ ತಂದಿಟ್ಟುಕೊಂಡಳು. ಜಗಳ ಆಡಿ ಮಾತು ಬಿಟ್ಟಿದ್ದರೂ ದೂರ ಹೋಗಲಿಲ್ಲ. ಬೇಕಾದಾಗ ಅವನು ಒಂದು ವೈರು ಎತ್ತಿ ಹಿಡಿಯುತ್ತಿದ್ದ, ಅವಳು ತಲೆಯೆತ್ತದೆ ಗಂಟು ಹಾಕಿ ಕೊಡುತ್ತಿದ್ದಳು. ಮೂಗು ಮಾತ್ರ ವಾಪಸ್ ಬರಲಿಲ್ಲ.

ಮೇಡಂ ಫೋನ್ ಮಾಡಿದ್ದು ಇಪ್ಪತ್ತೆರಡನೇ ದಿನ. "ನಾನು ಬರೋ ತನಕ ಎಣ್ಣೆ ಹಾಕ್ಬೇಡಿ" ಎಂದಷ್ಟೇ ಹೇಳಿದರು. ಹತ್ತು ಗಂಟೆಗೆ ಬಂದು, ಕೊಟ್ಟ ಸ್ಟೂಲಿನ ಮೇಲೆ ಕೂರದೆ ಕಾರಿನ ಪಕ್ಕ ನಿಂತರು. ಬಾಗಿಲ ಹತ್ತಿರ ಪೇಂಟರ್ ಕಾಣಿಸಿಕೊಂಡ, ಬ್ರಷ್ ಹುಡುಕುವ ನೆಪ. ಅವನ ಹಿಂದೆ ಟೀ ಅಂಗಡಿಯ ಇಬ್ಬರು ಮೂವರು.

ಮೇಸ್ತ್ರಿ ಡಬ್ಬಿ ತೆಗೆದ. ಮುಚ್ಚಳ ತಿರುಗಿಸಿದ. ಕೈ ತನ್ನಷ್ಟಕ್ಕೆ ಡಬ್ಬಿಯನ್ನು ಮೂಗಿನ ಹತ್ತಿರ ಒಯ್ದಿತು. ಅರ್ಧದಲ್ಲಿ ನಿಂತಿತು. ಎಲ್ಲರೂ ನೋಡುತ್ತಿದ್ದರು. ಅವನು ಡಬ್ಬಿಯನ್ನು ಕೆಳಗಿಳಿಸಿ, ಸ್ವಲ್ಪ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಹೆಂಡತಿಯ ಕಡೆ ತಿರುಗಿ ಬೆಳಕಿಗೆ ಹಿಡಿದ.

"ಇದು ಯಾವ ಬಣ್ಣ ಹೇಳೇ" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ.

ಅವಳು ಯಂತ್ರದ ಮುಂದಿನಿಂದ ಎದ್ದು ಬಂದಳು. ಅಭ್ಯಾಸದಂತೆ ಅವನ ಕಿವಿಯ ಹತ್ತಿರ ಬಾಗಿದಳು. ಮತ್ತೆ ನೆಟ್ಟಗೆ ನಿಂತು, ಮೇಡಂ ಕಡೆ ಒಮ್ಮೆ ನೋಡಿ, ನಲವತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು.

"ಕೆಂಪು ಕಣ್ರೀ."